ಹೊಸ್ತಿಲಲ್ಲಿ ನಿಂತ ಹೆಸರು

ನಮ್ಮ ಮನೆಯಲ್ಲಿ ಬೆಲ್ಲ ತರಲು ಕಳಿಸಿದರೆ ಸಕ್ಕರೆ ಬರುತ್ತಿತ್ತು. ಬೇಳೆ ತರಲು ಕಳಿಸಿದರೆ ಅಲಸಂದೆ ಬರುತ್ತಿತ್ತು. ಅಕ್ಕನಿಗೆ ಮರೆವು ಎಂದು ಅವ್ವ ಮೊದಮೊದಲು ಬೈಯುತ್ತಿದ್ದಳು. ಮರೆವಲ್ಲ ಎಂದು ಆಮೇಲೆ ಗೊತ್ತಾಯಿತು. ‘ಬ’ ಮತ್ತು ‘ಪ’ದಿಂದ ಶುರುವಾಗುವ ಮಾತು ಅಕ್ಕನ ಬಾಯಿಂದ ಹೊರಡುತ್ತಿರಲಿಲ್ಲ. ತುಟಿ ಮುಚ್ಚಿಕೊಂಡರೆ ಮುಚ್ಚಿಕೊಂಡೇ ಇರುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಅಂಗಡಿ ಕಟ್ಟೆಯ ಮುಂದೆ ಹೀಗೆ ಸಿಕ್ಕಿಕೊಂಡು, ಹಿಂದೆ ನಿಂತವರು ಗೊಣಗಲು ಶುರು ಮಾಡಿದರೆ, ಅವಳು ಸಲೀಸಾಗಿ ಬರುವ ಇನ್ನೊಂದು ಸಾಮಾನಿನ ಹೆಸರು ಹೇಳಿ ಅದನ್ನೇ ಕಟ್ಟಿಸಿಕೊಂಡು ಬಂದುಬಿಡುತ್ತಿದ್ದಳು. ಹಬ್ಬದ ಹೋಳಿಗೆಗೆ ಸಕ್ಕರೆ ಬಿದ್ದದ್ದೂ ಉಂಟು. ಅಪ್ಪ ತಿಂದು, ಈ ಸಲ ಚಲೋ ಆಗ್ಯಾವ ಅಂದಿದ್ದ.

ಅಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಮತ್ತು ಅಕ್ಕ ಊರಾಚೆಯ ಶೇಂಗಾ ಮಿಲ್ಲಿಗೆ ಬೀಜ ಆರಿಸಲು ಹೋಗುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಿಲ್ಲಿನ ಒಳಗೆ ಸಿಪ್ಪೆ ಸುಲಿಯುವ ಮಶೀನು, ಹೊರಗೆ ತಗಡಿನ ನೆರಳಿನಲ್ಲಿ ಸಾಲಾಗಿ ಕೂತ ಹೆಂಗಸರು. ಮೊರದಲ್ಲಿ ಬೀಜ ಹರವಿಕೊಂಡು ಸಣ್ಣ ಕಲ್ಲಿನ ಹಳ್ಳು, ಮುರುಟಿದ ಕಾಳು, ಒಡೆದ ಕಾಳು ಬೇರೆ ಬೇರೆ ಮಾಡುವುದು ನಮ್ಮ ಕೆಲಸ. ಮಶೀನು ತಿರುಗುತ್ತಿದ್ದರೆ ಪಕ್ಕದವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ. ಎಲ್ಲರೂ ಕೂಗಿಯೇ ಮಾತಾಡಬೇಕು. ಅಲ್ಲಿ ನಾನು ಒಂದು ವಿಚಿತ್ರ ಕಂಡೆ. ಆ ಗದ್ದಲದೊಳಗೆ ಅಕ್ಕ ಎಲ್ಲರಂತೆ ಮಾತಾಡುತ್ತಿದ್ದಳು. ಬಸ್ಸು, ಬಳೆ, ಬದನೆಕಾಯಿ, ಪಾತ್ರೆ, ಪುಂಡಿಪಲ್ಯ, ಏನು ಬೇಕಾದರೂ ಸರಾಗ. ಕರೆಂಟು ಹೋಗಿ ಮಶೀನು ನಿಂತ ಕೂಡಲೇ ಅವಳ ಬಾಯಿಯೂ ನಿಲ್ಲುತ್ತಿತ್ತು. ಅರ್ಧಕ್ಕೆ ಬಿಟ್ಟ ಮಾತನ್ನು ಹಾಗೇ ಇಟ್ಟುಕೊಂಡು, ತಲೆ ತಗ್ಗಿಸಿ ಬೀಜ ಆರಿಸುತ್ತ ಕೂರುತ್ತಿದ್ದಳು. ಕರೆಂಟು ಬಂದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದಳು. ಹಾಡುವಾಗಲೂ ಅಷ್ಟೇ. ಬೀಸುಕಲ್ಲಿನ ಮುಂದೆ ಕೂತು ಹಾಡಿದರೆ ಅವಳಿಗೆ ಯಾವ ಅಕ್ಷರವೂ ಅಡ್ಡ ಬರುತ್ತಿರಲಿಲ್ಲ.

ನನ್ನ ಕಥೆ ಬೇರೆ. ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಮಿಲ್ಲಿನಲ್ಲಿ ನನಗೆ ಒಂದು ಹೆಸರೇ ಬಂದುಬಿಟ್ಟಿತ್ತು, ಒಡಪಿನ ಹುಡುಗಿ ಅಂತ. ನಮ್ಮ ಕಡೆ ಹೆಂಗಸು ಗಂಡನ ಹೆಸರನ್ನು ಬರಿದೇ ಬಾಯಿ ಬಿಟ್ಟು ಹೇಳುವಂತಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ತೊಟ್ಟಿಲ ಕಾರ್ಯದಲ್ಲಿ ಹೇಳಲೇಬೇಕಾದಾಗ ಎರಡು ಮೂರು ಸಾಲಿನ ಪದ ಕಟ್ಟಿ, ಅದರೊಳಗೆ ಹೆಸರು ಕೂರಿಸಿ ಹೇಳಬೇಕು. ಅದೇ ಒಡಪು. ಬಹಳ ಮಂದಿ ಅವ್ವ ಅಜ್ಜಿಯರು ಹೇಳಿದ್ದನ್ನೇ ಹೇಳಿ ಪಾರಾಗುತ್ತಾರೆ. ನಾನು ಹೊಸದು ಕಟ್ಟುತ್ತಿದ್ದೆ. ಹೆಸರಿನ ಜಾಗ ಖಾಲಿ ಬಿಟ್ಟರೆ ಆಯಿತು, ಬೇಕಾದವರು ತಮ್ಮವರ ಹೆಸರು ತುಂಬಿಕೊಳ್ಳಬಹುದು.

‘ಶೇಂಗಾದಾಗ ಹಳ್ಳು ಆರಿಸಿ ಕಣ್ಣು ಕೆಂಪಾತು, ಇಂಥಾ ರಾಯರ ಮಾರಿ ನೋಡಿ ಮನಸು ತಂಪಾತು’ ಎಂದು ಒಂದು ಕಟ್ಟಿದ್ದೆ. ಅದು ಮಿಲ್ಲಿನ ತುಂಬ ಓಡಾಡಿತು. ಸಾಲಿನ ಕೊನೆಯಲ್ಲಿ ಕೂರುತ್ತಿದ್ದ ಒಬ್ಬಾಕೆ ಮಾತ್ರ ಕೈ ಝಾಡಿಸಿ, “ನಮ್ಮನಿಯಾತನ ಮಾರಿ ನೋಡಿದರ ಇರೋ ತಂಪೂ ಹೋಗತೈತಿ. ನನಗ ಬ್ಯಾರೆ ಕಟ್ಟಿಕೊಡು” ಅಂದಳು. ಅವಳ ಗಂಡ ಕುಡಿಯುತ್ತಿದ್ದ. ನಾನು ಮೊರ ಕುಕ್ಕುತ್ತ ಕುಕ್ಕುತ್ತ, ‘ಸಂಜಿ ಆದರ ಸೇಂದಿ ಅಂಗಡ್ಯಾಗ, ಮುಂಜಾನಿ ಆದರ ನನ್ನ ಅಂಗಳದಾಗ, ಇಂಥಾ ರಾಯರು ಸಿಗತಾರ ಹುಡುಕಿದಾಗ’ ಎಂದು ಕಟ್ಟಿಕೊಟ್ಟೆ. ಆಕೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ಮುಗಿದ ಮೇಲೂ ಸ್ವಲ್ಪ ನೀರು ಬರುತ್ತಿತ್ತು, ಸೆರಗಿನಿಂದ ಒರೆಸಿಕೊಂಡಳು.

ಹೇಗೆ ಕಟ್ಟುತ್ತೀ ಎಂದು ಮಿಲ್ಲಿನವರು ಕೇಳುತ್ತಿದ್ದರು. ಕೈಗೆ ಕೆಲಸ ಇದ್ದಾಗ ತಲೆಗೆ ಪುರುಸೊತ್ತು ಸಿಗುತ್ತಿತ್ತು, ಅಷ್ಟೇ. ಬೀಜ ಆರಿಸುವಾಗ, ಪಾತ್ರೆ ತಿಕ್ಕುವಾಗ, ಬೋರಿಂಗಿನ ಮುಂದೆ ಕೊಡ ಇಟ್ಟು ಪಾಳಿ ಕಾಯುವಾಗ ಪದಗಳು ತಾವಾಗಿ ಬಂದು ಒಂದರ ಪಕ್ಕ ಒಂದು ಕೂರುತ್ತಿದ್ದವು. ಈಗ ಕಟ್ಟುತ್ತೇನೆ ಎಂದು ಗೋಡೆಗೆ ಒರಗಿ ಕೂತರೆ ಒಂದೂ ಬರುತ್ತಿರಲಿಲ್ಲ. ಯಾರಾದರೂ ಹೊಗಳಿದರೆ ನನಗೆ ಜಂಬ ಬರುತ್ತಿತ್ತು, ಅದನ್ನು ಮುಚ್ಚಿಡುವುದೂ ನನಗೆ ಬರುತ್ತಿರಲಿಲ್ಲ. ಅಕ್ಕ ನನ್ನ ಪಕ್ಕದಲ್ಲೇ ಕೂತು ಎಲ್ಲ ಕೇಳುತ್ತಿದ್ದಳು.

ಅಷ್ಟರಲ್ಲಿ ಅಕ್ಕನ ಮದುವೆಯ ಮಾತು ಬಂತು. ಮೊದಲು ಹಡಗಲಿ ಕಡೆಯವರು ನೋಡಲು ಬಂದಿದ್ದರು. ಬರುವಾಗ ಎಲೆಯಲ್ಲಿ ಸುತ್ತಿದ ಮಲ್ಲಿಗೆ ತಂದಿದ್ದರು, ಮನೆಯೆಲ್ಲ ಘಮ್ಮಂತ ಇತ್ತು. ಹುಡುಗನ ಸೋದರತ್ತೆ ಅಕ್ಕನ ಗಲ್ಲ ಮುಟ್ಟಿ, “ನಿನ್ನೆ ಏನು ಅಡಗಿ ಮಾಡಿದ್ದೆವಾ?” ಎಂದು ಕೇಳಿದಳು. ಹಿಂದಿನ ದಿನ ಮಾಡಿದ್ದು ಪುಂಡಿಪಲ್ಯ. ಅಕ್ಕ ಬೇರೆ ಏನಾದರೂ ಹೇಳಿಬಿಡಬಹುದಿತ್ತು. ಆದರೆ ಅವ್ವ ಎದುರಿಗೇ ಇದ್ದಳು, ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲವೋ ಏನೋ. ‘ಪು’ ಎಂದು ಹಿಡಿದದ್ದು ಬಿಡಲೇ ಇಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಲಕ್ಕಿ ಪೂರ್ತಿ ತಿಂದರು, ಚಹಾ ಕುಡಿದರು, ಹೋದರು. ತಿರುಗಿ ಸುದ್ದಿ ಬರಲಿಲ್ಲ. ಅಕ್ಕ ಆ ಮಲ್ಲಿಗೆಯನ್ನು ಮುಡಿಯಲಿಲ್ಲ, ನೀರು ಚಿಮುಕಿಸಿ ದೇವರ ಗೂಡಿನಲ್ಲಿ ಇಟ್ಟಳು.

ಎರಡನೆಯ ಸಲ ಚಿಗಟೇರಿಯವರು ಬಂದರು. ಈ ಸಲ ಅವ್ವ ಹುಷಾರಾಗಿದ್ದಳು. ಪ್ರಶ್ನೆ ಕೇಳುವ ಮುಂಚೆಯೇ, “ಹುಡುಗಿ ಚೆಂದ ಹಾಡತಾಳ, ಕೇಳ್ರಿ” ಅಂದಳು. ಅಕ್ಕ ಹಾಡಿದಳು. ಚಿಗಟೇರಿಯವರಿಗೆ ಖುಷಿಯಾಯಿತು. ಹೆಸರು ಕೇಳಿದರು, ಅಕ್ಕನ ಹೆಸರು ಅವಳಿಗೆ ಸಲೀಸಾದ ಅಕ್ಷರದಿಂದ ಶುರುವಾಗುತ್ತದೆ, ಹೇಳಿದಳು. ಮಿಕ್ಕದ್ದಕ್ಕೆಲ್ಲ ತಲೆ ಆಡಿಸಿದಳು. “ಮಾತು ಕಡಿಮಿ” ಎಂದು ಅಪ್ಪ ಹೇಳಿದ. “ಅದೇ ಬೇಕಾಗಿದ್ದು” ಎಂದು ಹುಡುಗನ ಅವ್ವ ನಕ್ಕಳು. ಸಂಬಂಧ ಕೂಡಿತು.

ನಾವು ಸುಳ್ಳು ಹೇಳಿದೆವೇ? ಅವ್ವನನ್ನು ನಾನು ಅದನ್ನೇ ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿ ನೋಡದೆ, “ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ನಿನ್ನ ಬಾಯಿ ನೀನು ಮುಚ್ಚಿಕೊಂಡಿರು” ಅಂದಳು. ರೊಟ್ಟಿಯ ಸದ್ದು ಆ ದಿನ ಜೋರಾಗಿತ್ತು. ಆಕೆಗೂ ಅಂಜಿಕೆ ಇತ್ತು ಎಂದು ನನಗೆ ಆಗಲೇ ತಿಳಿದಿತ್ತು.

ಲಗ್ನ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ. ಅಲ್ಲಿ ತೊಂದರೆ ಇರಲಿಲ್ಲ, ಮದುವೆ ಹೆಣ್ಣು ತಲೆ ತಗ್ಗಿಸಿ ಕೂತರೆ ಸಾಕು. ಗಂಡಾಂತರ ಇದ್ದದ್ದು ಚಿಗಟೇರಿಯಲ್ಲಿ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಗಂಡಿನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿದ ಮೇಲೆಯೇ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಹೋಗಬೇಕು. ಇಡೀ ಓಣಿ ಕಿವಿ ನಿಮಿರಿಸಿ ನಿಂತಿರುತ್ತದೆ. ಅಲ್ಲಿ ಅಕ್ಕನ ತುಟಿ ಮುಚ್ಚಿಕೊಂಡರೆ? ಮುಚ್ಚಿಟ್ಟು ಕೊಟ್ಟರು ಎಂದು ಅವರು ಅಂಗಳದಲ್ಲೇ ಜಗಳ ತೆಗೆದರೆ? ತಾಳಿ ಕಟ್ಟಿಸಿಕೊಂಡ ಹುಡುಗಿಯನ್ನು ಅದೇ ಟ್ರ್ಯಾಕ್ಟರಿನಲ್ಲಿ ವಾಪಸು ಕರೆತರಬೇಕಾದರೆ? ರಾತ್ರಿ ಹಾಸಿಗೆಯ ಮೇಲೆ ಹೊರಳುತ್ತ ಇದನ್ನೇ ಯೋಚಿಸುತ್ತಿದ್ದೆ. ಪಕ್ಕದಲ್ಲಿ ಅಕ್ಕ ನಿದ್ದೆ ಹೋಗಿರುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ಒಂದು ಸಮಾಧಾನ ಇತ್ತು. ವರನ ಹೆಸರು ಸ್ವರದಿಂದ ಶುರುವಾಗುತ್ತಿತ್ತು. ಹೆಸರು ಗೊತ್ತಾದ ದಿನ ನಾನು ದೇವರಿಗೆ ಕೈಮುಗಿದಿದ್ದೆ. ಇನ್ನು ಉಳಿದದ್ದು ಒಡಪು. ‘ಬ’ ಇಲ್ಲದ, ‘ಪ’ ಇಲ್ಲದ ಒಡಪು ಕಟ್ಟಬೇಕು. ಕಟ್ಟಲು ಕೂತಾಗ ಗೊತ್ತಾಯಿತು, ಒಡಪಿನ ಸಾಮಾನೆಲ್ಲ ಆ ಎರಡು ಅಕ್ಷರಗಳಲ್ಲೇ ಇದೆ. ಬೆಳ್ಳಿ, ಬಂಗಾರ, ಬಳೆ, ಬಾಗಿಲು, ಬಾಳೆ, ಬೆಳದಿಂಗಳು, ಪತಿ, ಪುಣ್ಯ, ಪ್ರೀತಿ. ಕೊನೆಗೆ ‘ಬಂದೆ’ ಅನ್ನುವಂತೆಯೂ ಇಲ್ಲ. ಅತ್ತೆ ಮನೆಗೆ ಬಂದವಳು ಬಂದೆ ಅನ್ನದೆ ಏನನ್ನಬೇಕು?

ಯಾರಿಗೆ ಬೇಕಾದರೂ ಕಟ್ಟಿಕೊಟ್ಟವಳಿಗೆ ಅಕ್ಕನಿಗಾಗಿ ಒಂದು ಸಾಲೂ ಹುಟ್ಟಲಿಲ್ಲ. ಹೆದರಿಕೆ ಹೊಕ್ಕ ತಲೆಯಲ್ಲಿ ಪದ ನಿಲ್ಲುವುದಿಲ್ಲ. ಮೊರದ ಮುಂದೆ ಕೂತರೂ ಅಷ್ಟೇ, ಹಳ್ಳನ್ನು ಕಾಳಿಗೆ ಹಾಕಿ, ಕಾಳನ್ನು ಹಳ್ಳಿಗೆ ಹಾಕಿ ಮೇಸ್ತ್ರಿಯಿಂದ ಬೈಸಿಕೊಂಡೆ. ನನ್ನ ಕಸುಬು ಮುಗಿಯಿತು ಎಂದೇ ಅನಿಸಿತ್ತು. ಒಂದು ದಿನ ಕೊಡ ಹೊತ್ತು ಬರುವಾಗ, ಕೆರೆ ದಾರಿಯ ಎಳ್ಳಿನ ಹೊಲದ ನಡುವಿನ ಕಾಲುದಾರಿ ಕಂಡು, ತಾನಾಗಿ ಬಂತು.

‘ಎಳ್ಳ ಹೊಲದಾಗ ಹಾದಿ ಸಣ್ಣದು, ಅತ್ತಿ ಮನಿ ಅಂಗಳ ದೊಡ್ಡದು, ಇಂಥಾ ರಾಯರ ಹೆಸರು ಅದಕ್ಕಿಂತ ದೊಡ್ಡದು.’

ಕೊಡ ಇಳಿಸದೆಯೇ ಅಕ್ಕನಿಗೆ ಹೇಳಿದೆ. ಅವಳು ತುಟಿಯೊಳಗೇ ಹೇಳಿಕೊಂಡು ನೋಡಿ, “ಎಲ್ಲೂ ಸಿಗಂಗಿಲ್ಲ” ಅಂದಳು. ಮಿಲ್ಲಿನಲ್ಲಿ ಮಶೀನಿನ ಸದ್ದಿನೊಳಗೆ ಹೇಳಿಸಿದೆ, ಮನೆಯಲ್ಲಿ ಸದ್ದಿಲ್ಲದೆ ಹೇಳಿಸಿದೆ. ಸದ್ದಿಲ್ಲದಾಗಲೂ ನೂಲು ಎಳೆದಂತೆ ಬರುತ್ತಿತ್ತು. ಆದರೂ ನನಗೆ ಧೈರ್ಯ ಸಾಲಲಿಲ್ಲ. ಭಜಂತ್ರಿಯವರ ಹತ್ತಿರ ಹೋಗಿ, “ಹೊಸ್ತಿಲು ದಾಟೋ ತನಕ ಡೋಲು ನಿಲ್ಲಸಬ್ಯಾಡ್ರಿ, ನಮ್ಮ ಮನಿ ಪದ್ಧತಿ” ಎಂದು ಹೇಳಿಬಂದೆ. ಗದ್ದಲ ಇದ್ದರೆ ಅಕ್ಕನಿಗೆ ಸಲೀಸು. ಒಡಪೂ ಗಟ್ಟಿ, ಡೋಲೂ ಗಟ್ಟಿ. ಇಷ್ಟು ಬಂದೋಬಸ್ತು ಮಾಡಿದ ಮೇಲೆ ನಾನು ಸಮಾಧಾನವಾಗಿ ಇರಬೇಕಿತ್ತು. ಲಗ್ನದ ದಿನ ನನಗೆ ಒಂದು ತುತ್ತು ಇಳಿಯಲಿಲ್ಲ.

ಚಿಗಟೇರಿ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಟ್ರ್ಯಾಕ್ಟರಿನಲ್ಲಿ ಕುಲುಕಿ ಕುಲುಕಿ ಎಲ್ಲರ ಮೈಮೇಲೂ ಕೆಂಪು ಧೂಳು. ಅಂಗಳದ ತುಂಬ ಜನ. ಗಂಡನ ಶಲ್ಯಕ್ಕೂ ಅಕ್ಕನ ಸೆರಗಿಗೂ ಗಂಟು ಹಾಕಿತ್ತು, ಇಬ್ಬರೂ ಹೊಸ್ತಿಲ ಮುಂದೆ ಹೋಗಿ ನಿಂತರು. ನಾನು ಅಕ್ಕನ ಬೆನ್ನಿಗೆ ಅಂಟಿಕೊಂಡಂತೆ ನಿಂತೆ. ಡೋಲು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನಾದಿನಿಯರು ಬಾಗಿಲ ಎರಡೂ ಕಡೆ ಕೈ ಚಾಚಿ ಅಡ್ಡ ನಿಂತು ಏನೋ ಕೂಗಿದರು. ಯಾರಿಗೂ ಕೇಳಲಿಲ್ಲ. ಆಗ ದೊಡ್ಡ ನಾದಿನಿ ಕೈ ಎತ್ತಿ, “ಏ, ನಿಲ್ಸ್ರೋ ಅದನ್ನ! ಹೆಸರು ಕೇಳ್ಬೇಕು ನಾವು” ಎಂದು ಅರಚಿದಳು. ಭಜಂತ್ರಿಯವರು ನನ್ನ ಮುಖ ನೋಡಿದರು. ಡೋಲು ನಿಂತಿತು. ಅಷ್ಟು ಜನ ಇದ್ದೂ ಅಂಗಳ ಗಪ್ಪಾಯಿತು.

ಚಿಂತೆಯಿಲ್ಲ, ಒಡಪು ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಶುರು ಮಾಡಿದಳು. ‘ಎಳ್ಳ ಹೊಲದಾಗ ಹಾದಿ ಸಣ್ಣದು’ ಅಂದಳು, ಸರಾಗ. ‘ಅತ್ತಿ ಮನಿ ಅಂಗಳ ದೊಡ್ಡದು’ ಅಂದಳು. ಹೆಂಗಸರು ತಲೆದೂಗಿದರು. ನಾನು ಕಣ್ಣು ಮುಚ್ಚಿದೆ. ಹೆಸರಿನ ಮೊದಲ ಅಕ್ಷರ ಅವಳ ಬಾಯಿಂದ ಹೊರಟಿತೋ ಇಲ್ಲವೋ, ಒಳಗಿನಿಂದ ಅತ್ತೆ ಓಡಿ ಬಂದು ಅಕ್ಕನ ಬಾಯಿಗೆ ಕೈ ಅಡ್ಡ ಹಿಡಿದುಬಿಟ್ಟಳು.

“ಅಯ್ಯಯ್ಯೋ, ಆ ಹೆಸರು ಬ್ಯಾಡವ್ವ! ಅಜ್ಜಿ ಕುಂತಾಳೆ ಒಳಗೆ!”

ಆಗ ನನಗೆ ಹೊಳೆಯಿತು. ಅದು ಅಜ್ಜನ ಹೆಸರು. ಮೊಮ್ಮಗನಿಗೆ ತೀರಿಕೊಂಡ ಅಜ್ಜನ ಹೆಸರಿಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಹಾಗೆ ಇಟ್ಟ ಮೇಲೆ ಆ ಮನೆಯ ಹೆಂಗಸರು ಆ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಅಜ್ಜಿಗೆ ಅದು ಗಂಡನ ಹೆಸರು, ಅತ್ತೆಗೆ ಮಾವನ ಹೆಸರು. ಹುಡುಗನನ್ನು ಕರೆಯಲು ಬೇರೆ ಹೆಸರು ಇಟ್ಟುಕೊಂಡಿರುತ್ತಾರೆ. ನಮ್ಮ ಅವ್ವ ಶಾಲೆಗೆ ಹೋಗುತ್ತಿದ್ದ ನನ್ನ ಪುಟ್ಟ ತಮ್ಮನನ್ನು ಹೀಗೆಯೇ ಬೇರೆ ಹೆಸರಿನಿಂದ ಕರೆಯುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಅಕ್ಷರದ ಚಿಂತೆಯಲ್ಲಿ ಮುಳುಗಿ ನನಗೂ ಅಕ್ಕನಿಗೂ ಅವ್ವನಿಗೂ ಅದು ನೆನಪಾಗಿರಲಿಲ್ಲ. ಸಂಬಂಧ ಕುದುರಿಸಲು ಬಂದಿದ್ದ ಗಂಡಸರು ಬಾಯ್ತುಂಬ ಕರೆದಿದ್ದ ಹೆಸರನ್ನೇ ನಾವು ಹಿಡಿದುಕೊಂಡಿದ್ದೆವು.

“ಮನೆ ಹೆಸರು ಹೇಳವ್ವ, ನಾವು ಕರೆಯೋ ಹೆಸರು” ಎಂದು ಅತ್ತೆ ಮೆತ್ತಗೆ ಹೇಳಿ, ಆ ಹೆಸರನ್ನು ಅಕ್ಕನ ಕಿವಿಯಲ್ಲಿ ಉಸುರಿದಳು. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು. ಅದು ‘ಬ’ದಿಂದ ಶುರುವಾಗುತ್ತಿತ್ತು.

ತಲೆಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ತಡಕಾಡಿದೆ. ಒಂದು ಪದ ಇಲ್ಲ. ಅಷ್ಟು ದಿನ ಹೆಮ್ಮೆಪಟ್ಟುಕೊಂಡ ತಲೆ ಖಾಲಿ ಮೊರದಂತೆ ಇತ್ತು. ಅಕ್ಕನ ಬೆನ್ನು ನೋಡುತ್ತ ನಿಂತೆ. ಅವಳ ತುಟಿ ಮುಚ್ಚಿಕೊಂಡಿರಬೇಕು, ಕತ್ತಿನ ನರ ಉಬ್ಬಿತ್ತು. ಹಿಂದಿನಿಂದ ಯಾರೋ, “ಏನಾತು? ಮರೆತುಬಿಟ್ಲಾ?” ಅಂದರು. ಯಾವುದೋ ಹುಡುಗಿ ಕಿಸಕ್ಕೆಂದಳು. ನಮ್ಮ ಅವ್ವ ಅಂಗಳದ ಕಂಬ ಹಿಡಿದು ನಿಂತಿದ್ದಳು. ಆಕೆಯ ಮುಖ ನೋಡಲು ನನಗೆ ಆಗಲಿಲ್ಲ. ಹಡಗಲಿಯವರ ಅವಲಕ್ಕಿಯ ತಟ್ಟೆಗಳು ನೆನಪಾದವು. ಅಕ್ಕನ ಪರವಾಗಿ ನಾನೇ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಅಂಗಡಿಯಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದೆ.

ಅಕ್ಕ ಹಿಂದಕ್ಕೆ ಕೈ ಚಾಚಿ ನನ್ನ ಮುಂಗೈ ಒತ್ತಿ ಹಿಡಿದಳು, ಸುಮ್ಮನಿರು ಎಂಬಂತೆ. ಆಮೇಲೆ ಗುನುಗಿದಳು. ಬೀಸುಕಲ್ಲಿನ ಧಾಟಿ. ಮೊದಲು ಮಾತಿಲ್ಲದೆ ಬರೀ ಗುನುಗು, ಆಮೇಲೆ ಅದರ ಮೇಲೆ ಮಾತು.

‘ಅಡ್ಡ ನಿಂತೀರಿ ನೀವು ಹೊಸ್ತಿಲದಾಗ,
ಅಡ್ಡ ನಿಂತೈತಿ ಹೆಸರು ನಾಲಿಗ್ಯಾಗ,
ಅವಸರ ಇದ್ದವರು ಸರೀರಿ ಆಕಡಿಗೆ,
ಹೆಸರು ಹೇಳೇ ಕಾಲಿಡತೀನಿ ಒಳಗ.’

ಹಾಗೆ ಹೇಳಿ ಗುನುಗು ನಿಲ್ಲಿಸಿ, ಬರಿದೇ ಮಾತಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ‘ಬ’ ಅಂದಳು. ‘ಬ’ ಅಂದು ನಿಂತಳು. ಮತ್ತೆ ‘ಬ’ ಅಂದಳು. ಕಿಸಕ್ಕೆಂದ ಹುಡುಗಿ ಈಗ ಜೋರಾಗಿಯೇ ನಕ್ಕು, ‘ಬ ಬ ಬ’ ಎಂದು ಅಣಕಿಸಿದಳು. ಅಕ್ಕ ಅವಳ ಕಡೆ ತಿರುಗಿ, ಅವಳ ನಗು ಮುಗಿಯುವ ತನಕ ನೋಡುತ್ತ ನಿಂತಳು. ಮುಗಿದ ಮೇಲೆ ತಿರುಗಿ ತನ್ನ ಕೆಲಸಕ್ಕೆ ಹತ್ತಿದಳು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಗಂಟು ಹಾಕಿದ ಶಲ್ಯದ ಇನ್ನೊಂದು ತುದಿಯಲ್ಲಿದ್ದ ವರ ನೆಲ ನೋಡುತ್ತಿದ್ದ. ಆದರೆ ಗಂಟು ಜಗ್ಗಲಿಲ್ಲ, ಜರುಗಲಿಲ್ಲ, ನಿಂತಲ್ಲೇ ನಿಂತಿದ್ದ. ಅಕ್ಕ ಕೊನೆಗೆ ಹೆಸರು ಹೇಳಿದಳು. ಪೂರ್ತಿ ಹೇಳಿದಳು, ಹಿಂದೆ ‘ರಾಯರು’ ಕೂಡ ಸೇರಿಸಿದಳು. ಸೇರು ಒದ್ದಳು. ಅಕ್ಕಿ ಒಳಗೆಲ್ಲ ಚೆಲ್ಲಿತು.

ಒಳಗಿನಿಂದ ಅಜ್ಜಿಯ ಸ್ವರ ಬಂತು. “ಹೇಳಿದ್ಲಾ?”

“ಹೇಳಿದ್ಲು” ಎಂದು ದೊಡ್ಡ ನಾದಿನಿ ಅಂದಳು. ಅವಳ ಕೈ ಇನ್ನೂ ಬಾಗಿಲ ಮೇಲೇ ಇತ್ತು, ತೆಗೆಯುವುದನ್ನೇ ಮರೆತಿದ್ದಳು.

“ಹಂಗಾರೆ ಕರ್ಕಳ್ರಿ ಒಳಗೆ. ಅನ್ನ ಆರಿ ಹೋಗ್ತೈತೆ.”

ಯಾರೂ ಜಗಳ ತೆಗೆಯಲಿಲ್ಲ. ಆದರೆ ಅತ್ತೆಯ ಮುಖ ಗಂಟಿಕ್ಕಿತ್ತು. ಊಟಕ್ಕೆ ಬಡಿಸುವಾಗ ನಮ್ಮ ಅವ್ವನಿಗೆ, “ಒಂದು ಮಾತು ಹೇಳಬಹುದಿತ್ತು ನೀವು” ಅಂದಳು, ಅಷ್ಟೇ. ಅವ್ವ ಎಲೆಯ ಮೇಲಿನ ಅನ್ನ ಕಲಸುತ್ತಲೇ ಕೂತಿದ್ದಳು, ತಿನ್ನಲಿಲ್ಲ. ನನಗೆ ಅಕ್ಕನ ಮೇಲೆ ಕೆಂಡದಂಥ ಸಿಟ್ಟು. ಇಷ್ಟು ದಿನ ನಾವು ಮುಚ್ಚಿದ್ದನ್ನು ಇವಳು ಅಂಗಳದಲ್ಲಿ ಡಂಗುರ ಹೊಡೆದಂತೆ ಹೇಳಿಬಿಟ್ಟಳಲ್ಲ. ಗುನುಗುತ್ತಲೇ ಹೆಸರನ್ನೂ ಹೇಳಿದ್ದರೆ ಸಿಗುತ್ತಲೇ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಕಂತಲೇ ಗುನುಗು ನಿಲ್ಲಿಸಿದಳು. ಅವಳನ್ನು ಬಿಟ್ಟು ಹೊರಡುವಾಗ ನಾನು ಸರಿಯಾಗಿ ಮಾತಾಡಲೂ ಇಲ್ಲ.

ಕೊಟ್ಟೂರಿಗೆ ಬಂದ ಮೇಲೆ ಶುರುವಾಯಿತು ನೋಡಿ, ಅದಕ್ಕಿಂತ ದೊಡ್ಡ ಕಾಟ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವ್ವ ಬೆಚ್ಚುತ್ತಿದ್ದಳು. ಚಿಗಟೇರಿ ಕಡೆಯಿಂದ ಸಂತೆಗೆ ಬಂದವರನ್ನು ಅಪ್ಪ ಹುಡುಕಿ ಹುಡುಕಿ ಮಾತಾಡಿಸುತ್ತಿದ್ದ, ಅಕ್ಕನ ವಿಷಯ ಮಾತ್ರ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮಳೆ ಹೇಗೆ, ಬಿತ್ತನೆ ಹೇಗೆ ಎಂದು ಕೇಳಿ ಬಂದುಬಿಡುತ್ತಿದ್ದ. ಅವ್ವ, “ಏನಂದ್ರು?” ಎಂದರೆ “ಬಿತ್ಯಾರಂತ” ಅನ್ನುತ್ತಿದ್ದ. ನನ್ನ ಬಾಯಲ್ಲಿ ಒಡಪು ಬತ್ತಿಹೋಗಿತ್ತು. ಮಿಲ್ಲಿನ ಹೆಂಗಸರು ಕೇಳಿದರೆ ಹಳೆಯದನ್ನೇ ಹೇಳಿ ಜಾರಿಕೊಳ್ಳುತ್ತಿದ್ದೆ. ಪಕ್ಕದ ಜಾಗ ಖಾಲಿಯಿತ್ತು. ಕರೆಂಟು ಹೋದಾಗಲೆಲ್ಲ ನಾನು ಆ ಕಡೆ ತಿರುಗುತ್ತಿದ್ದೆ.

ಅಂಥ ಒಂದು ಹೊತ್ತಿನಲ್ಲೇ ನನಗೆ ಒಂದು ವಿಷಯ ಹೊಳೆದದ್ದು. ನಾನು ಒಡಪು ಕಟ್ಟುತ್ತಿದ್ದದ್ದು ಯಾರಾದರೂ ಕೇಳಿದಾಗ, ಖುಷಿ ಬಂದಾಗ. ಅಕ್ಕ ಬಾಯಿ ತೆರೆದ ಪ್ರತಿ ಸಲವೂ ಕಟ್ಟುತ್ತಿದ್ದಳು. ಬಸ್ಸಿಗೆ ಗಾಡಿ ಅನ್ನುವುದು, ಬಿಸಿಲಿಗೆ ಸೂರ್ಯ ಕಾಯ್ದಾನ ಅನ್ನುವುದು, ಪೂಜಾರಿಗೆ ಗುಡಿ ಅಯ್ಯ ಅನ್ನುವುದು, ಬೆಲ್ಲ ಹೊರಡದಿದ್ದರೆ ಇಡೀ ಹಬ್ಬದ ಅಡುಗೆಯನ್ನೇ ಬದಲಿಸುವುದು. ಮುಂದಿನ ಮಾತಿನಲ್ಲಿ ಯಾವ ಅಕ್ಷರ ಕಾದು ಕೂತಿದೆ ಎಂದು ಮೊದಲೇ ನೋಡಿಕೊಂಡು, ಅಡ್ಡದಾರಿ ಹಿಡಿದು, ಹೇಳಬೇಕಾದ್ದನ್ನು ಹೇಳುವುದು. ಹುಟ್ಟಿದಾಗಿನಿಂದ ಅದೇ ಕೆಲಸ. ನಾನು ಪಕ್ಕದಲ್ಲೇ ಕೂತು ಅದನ್ನು ಕುಂದು ಎಂದುಕೊಂಡಿದ್ದೆ. ಹೊಳೆದ ಮೇಲೆ ನಾಚಿಕೆಯಾಯಿತು, ಚಿಂತೆ ಮಾತ್ರ ಕಡಿಮೆಯಾಗಲಿಲ್ಲ.

ಪಂಚಮಿ ಬಂತು. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಪ್ಪ ಕರೆಯಲು ಹೋದ. ಹಬ್ಬಕ್ಕೆಂದು ಕಳಿಸುತ್ತಾರೋ, ಇನ್ನು ನೀವೇ ಇಟ್ಟುಕೊಳ್ಳಿ ಎನ್ನುತ್ತಾರೋ ಎಂದು ಅವ್ವ ಒಳಗೆ ಹೊರಗೆ ತಿರುಗಿದಳು. ಮಧ್ಯಾಹ್ನದ ಬಸ್ಸಿಗೆ ಅಪ್ಪನ ಹಿಂದೆ ಅಕ್ಕ ಬಂದಳು. ಕೈಯಲ್ಲಿ ಉಂಡೆಯ ಡಬ್ಬಿ. ಒಂಚೂರು ಮೈ ತುಂಬಿಕೊಂಡಿದ್ದಳು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

ಅವ್ವ ನೀರು ಕೊಡುವ ಮುಂಚೆಯೇ ಕೇಳಿದಳು. “ಹೆಂಗ ನೋಡಿಕೊಂತಾರವಾ? ಏನರ ಅಂತಾರ?”

“ಆ ಹುಡುಗಿ ಈಗಲೂ ಅಣಕಸತಾಳ” ಅಂದಳು ಅಕ್ಕ. “ಅತ್ತಿ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಈಗ ಮಾತಾಡತಾರ. ನಾನು ಮುಗಸೋ ತನಕ ಒಲಿ ಊದಿಕೊಂತ ಕುಂದರತಾರ.”

“ನಿನ್ನ ಗಂಡ?” ಎಂದೆ ನಾನು.

“ಅವರು ಅವತ್ತೂ ಎಳೀಲಿಲ್ಲ, ಈಗಲೂ ಎಳ್ಯಂಗಿಲ್ಲ” ಅಂದು ಸೆರಗಿನ ತುದಿ ಹಿಡಿದು ತೋರಿಸಿ ನಕ್ಕಳು. ಅವ್ವ ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಹೊರಗೆ ಹೋಗಿ ಜೋಕಾಲಿಯ ಹಗ್ಗ ಗಟ್ಟಿಯಿದೆಯೇ ಎಂದು ಜಗ್ಗಿ ನೋಡತೊಡಗಿದ.

ಸಂಜೆ ಅಕ್ಕ ಬೀಸುಕಲ್ಲಿನ ಮುಂದೆ ಕೂತಳು, ನಾನು ಎದುರು ಕೂತು ಗೂಟ ಹಿಡಿದೆ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು. “ನಾ ಅಷ್ಟು ಕಷ್ಟಪಟ್ಟು ಕಟ್ಟಿದ್ದೆ. ಆ ಅಜ್ಜನ ಹೆಸರು ಅಡ್ಡ ಬರಲಿಲ್ಲ ಅಂದಿದ್ದರ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಗುನುಗಿಕೊಂತನ ಹೆಸರು ಹೇಳಿದ್ದರೂ ಆಗತಿತ್ತು. ಯಾಕ ನಿಲ್ಲಸಿದಿ?”

ಅಕ್ಕ ಕ್ಷಣ ಹೊತ್ತು ಬೀಸಿದಳು. ಜೋಳ ಮುಗಿದರೂ ಹಾಕಲಿಲ್ಲ, ಬರೀ ಕಲ್ಲು ತಿರುಗಿತು.

“ಚಲೋ ಇತ್ತು ನೀ ಕಟ್ಟಿದ್ದು” ಅಂದಳು. “ಆದರ ಅದರಾಗ ನಾ ಎಲ್ಲಿದ್ದೆ? ನನ್ನ ಮುಚ್ಚಾಕಂತ ಕಟ್ಟಿದ್ದಿ. ಅದನ್ನ ಹೇಳಿ ಒಳಗ ಹೋಗಿದ್ದರ ಇಷ್ಟೂ ದಿನ ಮುಚ್ಚಿಕೊಂಡ ಇರಬೇಕಾಗಿತ್ತು. ಆ ಮನ್ಯಾಗ ಹೆಂಗ ಮುಚ್ಚಲಿ, ಹೇಳು? ಅವರ ಹೆಸರ ಆ ಅಕ್ಷರದ್ದು.”

ಕಲ್ಲಿನ ಗೂಟ ಹಿಡಿದ ನನ್ನ ಕೈಯ ಮೇಲೆ ಅವಳ ಕೈ ಇತ್ತು, ಅವತ್ತು ಹೊಸ್ತಿಲಲ್ಲಿ ಒತ್ತಿದ ಹಾಗೆಯೇ ಒತ್ತಿದಳು.

“ಈಗ ಇನ್ನೊಂದು ಕಟ್ಟಿಕೊಡು” ಅಂದಳು. “ಕುಬಸಕ್ಕ ಹೇಳೋದು. ಐದನೇ ತಿಂಗಳಾಗ ಮಾಡತಾರಂತ.”

ಆಗಲೇ ನನಗೆ ಅವಳ ಮೈ ತುಂಬಿದ್ದು ಯಾಕೆಂದು ಅರ್ಥವಾದದ್ದು. ಖುಷಿಗಿಂತ ಮೊದಲು ಹೆದರಿಕೆಯೇ ಬಂತು. ಕುಬಸದಲ್ಲಿ ಮತ್ತೆ ಅದೇ ಜನ, ಅದೇ ನಾದಿನಿಯರು, ಅಣಕಿಸುವ ಅದೇ ಹುಡುಗಿ. “ಕಟ್ಟತೀನಿ” ಎಂದೆ. “ಈ ಸಲ ಹೆಸರು ಒಂದ ಬಿಟ್ಟು ಎಲ್ಲೂ ಸಿಗದಂಗ ನೋಡಿಕೊಂತೀನಿ.”

“ಬ್ಯಾಡ” ಎಂದು ಹೇಳಲು ಅಕ್ಕನಿಗೆ ಬಹಳ ಹೊತ್ತು ಹಿಡಿಯಿತು. ನಾನು ಅವಳ ಪರವಾಗಿ ಹೇಳಿಬಿಡದೆ, ನಾಲಿಗೆ ಕಚ್ಚಿಕೊಂಡು, ಅವಳು ಮುಗಿಸುವ ತನಕ ಕೂತೆ. ನನ್ನ ಜನ್ಮದಲ್ಲಿ ಅದೇ ಮೊದಲು. ಆಮೇಲೆ ಅವಳು ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿ ಹೇಳಿದಳು.

“ನನಗ ಅಡ್ಡ ನಿಲ್ಲೋ ಅಕ್ಷರ ಅದಾವಲ್ಲ, ಅವನ್ನ ತುಂಬಿಸಿ ಕಟ್ಟು. ಎಷ್ಟು ಹಿಡಿಸತಾವ ಅಷ್ಟು. ಕುಂದರತಾರ ಅವರು, ಕೇಳತಾರ.”

ಕಲ್ಲು ತಿರುಗಿತು. ನನ್ನ ಕೈಗೆ ಕೆಲಸ ಇತ್ತು. ಬಹಳ ದಿನಗಳ ಮೇಲೆ ತಲೆಯಲ್ಲಿ ಒಂದು ಪದ ಬಂದು ಕೂತಿತು. ಏನು, ಎಂಬಂತೆ ಅಕ್ಕ ನನ್ನ ಮುಖ ನೋಡಿದಳು.

“ಬಾ” ಎಂದೆ. “ಅಲ್ಲಿಂದ ಶುರು ಮಾಡು.”